ಅಡುಗೆಮನೆಯ ನಾಲ್ಕು ನಿಮಿಷ

ನಟಿಯ ಬೆಳಗು ಶುರುವಾಗುತ್ತಿದ್ದುದೇ ವಿಚಾರಣೆಯಿಂದ. ಕಾಫಿ ಲೋಟ ತುಟಿಗೆ ಮುಟ್ಟುವ ಮೊದಲೇ ಅತ್ತೆ ಕುರ್ಚಿಯನ್ನು ಎದುರಿಗೆ ಎಳೆದುಕೊಂಡು ಕೂತು, "ಏನಾಯ್ತು ನಿನ್ನ ಸಿನಿಮಾದ್ದು?" ಎಂದು ಕೇಳುತ್ತಿದ್ದರು.

ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ. ಮೂವತ್ತೊಂದು ವರ್ಷ ನೇಯ್ಗೆ ಗಿರಣಿಯಲ್ಲಿ ದುಡಿದವರು. ಮಗ್ಗಗಳ ಸದ್ದು ಅವರ ಕಿವಿಯನ್ನು ಸ್ವಲ್ಪ ಸ್ವಲ್ಪವಾಗಿ ತಿಂದು ಮುಗಿಸಿತ್ತು. ಆದರೆ ಆ ಸದ್ದಿನ ನಡುವೆಯೇ ಅಲ್ಲಿನ ಹೆಂಗಸರು ಒಬ್ಬರ ತುಟಿ ಒಬ್ಬರು ನೋಡಿಕೊಂಡು ದಿನವಿಡೀ ಹರಟುವುದನ್ನು ಕಲಿತಿದ್ದರು. ಮುಖ ಕಂಡರೆ ಸಾಕು, ಅತ್ತೆಗೆ ಒಂದು ಮಾತೂ ತಪ್ಪುತ್ತಿರಲಿಲ್ಲ. ತಮ್ಮ ದನಿ ತಮಗೇ ಕೇಳದ್ದರಿಂದ ಅವರು ಆಡಿದ್ದೆಲ್ಲ ಬೀದಿಗೂ ಕೇಳುತ್ತಿತ್ತು.

ಸಿನಿಮಾದ ಚಿತ್ರೀಕರಣ ಮುಗಿದು ಎರಡು ವರ್ಷವಾಗಿತ್ತು. ಗೆಳೆಯರ ಮನೆಗಳಲ್ಲಿ, ಎರವಲು ಕ್ಯಾಮೆರಾದಲ್ಲಿ, ಹನ್ನೆರಡು ದಿನಗಳಲ್ಲಿ ತೆಗೆದ ಚಿತ್ರ. ಅಷ್ಟರಲ್ಲಿ ಅದರ ಹೆಸರು ಮೂರು ಸಲ ಬದಲಾಯಿತು. ಒಂದೇ ಒಂದು ಹೊಸ ದೃಶ್ಯ ತೆಗೆಯದೆ, ಬರೀ ಸಂಕಲನದ ಕೋಣೆಯಲ್ಲೇ ಇವಳ ಪಾತ್ರ ನಾಯಕನ ತಾಯಿಯಿಂದ ದೂರದ ಚಿಕ್ಕಮ್ಮನಿಗೆ ಇಳಿಯಿತು. ಮುಂದಿನ ತಿಂಗಳು ಬಿಡುಗಡೆ ಎಂದು ನಿರ್ದೇಶಕ ನಾಲ್ಕು ಸಲ ಹೇಳಿದ್ದ. ನಾಲ್ಕು ಸಲವೂ ಅತ್ತೆ ಅದನ್ನು ಬೀದಿಗೆಲ್ಲ ಡಂಗುರ ಹೊಡೆದಿದ್ದರು. ಕೊನೆಗೆ ಔಷಧಿ ಅಂಗಡಿಯವನು, ಸಿನಿಮಾ ಬಂದು ಹೋಯಿತೇ, ತನಗೆ ಗೊತ್ತೇ ಆಗಲಿಲ್ಲವಲ್ಲ ಎಂದು ಕನಿಕರ ತೋರಿಸಿದಾಗ ನಟಿಗೆ ತಲೆನೋವಿನ ಮಾತ್ರೆಯ ಹೆಸರೇ ಮರೆತುಹೋಗಿತ್ತು.

ಹಾಗೆಂದು ಅವಳು ಕೈಕಟ್ಟಿ ಕೂತಿರಲಿಲ್ಲ. ಈ ಎರಡು ವರ್ಷಗಳಲ್ಲಿ ಮೂರು ನಾಟಕ, ಶಾಲೆ ಶಾಲೆ ಸುತ್ತಿ ಮಾಡಿದ ಅರವತ್ತು ಪ್ರದರ್ಶನ, ಎರಡು ಕಿರುಚಿತ್ರ. ಅದರಲ್ಲೊಂದರಲ್ಲಿ ಇಡೀ ದಿನ ತಣ್ಣನೆಯ ನೆಲದ ಮೇಲೆ ಹೆಣವಾಗಿ ಮಲಗಿ ನೆಗಡಿ ಹಿಡಿಸಿಕೊಂಡು ಬಂದಿದ್ದಳು. ಅತ್ತೆಯ ಲೆಕ್ಕಕ್ಕೆ ಇದ್ಯಾವುದೂ ಬರುತ್ತಿರಲಿಲ್ಲ. "ನಾಟಕ ಇದ್ದಿದ್ದೇ. ಹೊಸದೇನು?" ಎನ್ನುತ್ತಿದ್ದರು. ಕನ್ನಡಕದ ಅಂಗಡಿಯಲ್ಲಿ ಗಾಜು ತಿದ್ದುವ ಗಂಡ ಈ ಹೊತ್ತಿಗೆ ಸರಿಯಾಗಿ ಸ್ನಾನಕ್ಕೆ ಹೋಗಿಬಿಡುತ್ತಿದ್ದ.

ಹೊಸ ಸುದ್ದಿ ಕೊನೆಗೆ ಸಿಕ್ಕಿದ್ದು ಬಣ್ಣದ ಕೋಣೆಯಲ್ಲಿ. ಆಗ ನಡೆಯುತ್ತಿದ್ದ ನಾಟಕದಲ್ಲಿ ಇವಳ ತಂಗಿಯ ಪಾತ್ರ ಮಾಡುತ್ತಿದ್ದವಳು ಹುಬ್ಬು ತಿದ್ದಿಕೊಳ್ಳುತ್ತಾ, ಕನ್ನಡಿಯಲ್ಲೇ ಇವಳನ್ನು ನೋಡಿ ಹೇಳಿದಳು: "ನಿನ್ನ ಬಾಯಿಗೆ ನನ್ನ ಮಾತು ಕೂರಲೇ ಇಲ್ಲ ಕಣೇ. ಇಡೀ ದಿನ ಒದ್ದಾಡಿದ್ವಿ."

ಯಾವ ಬಾಯಿ, ಯಾವ ಮಾತು ಎಂದು ನಟಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಸಿನಿಮಾದಲ್ಲಿ ಇವಳದೊಂದು ದೊಡ್ಡ ದೃಶ್ಯವಿತ್ತು. ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಮುಚ್ಚಿದ ಬಾಗಿಲಿನತ್ತ ನಾಲ್ಕು ನಿಮಿಷ ಒಂದೇ ಉಸಿರಿಗೆ ಮಾತಾಡುವುದು. ಕ್ಯಾಮೆರಾ ಅವಳ ಮುಖ ಬಿಟ್ಟು ಕದಲುವುದಿಲ್ಲ. ಆ ದೃಶ್ಯದ ಧ್ವನಿ ಹಾಳಾಗಿತ್ತಂತೆ. ನಿರ್ದೇಶಕ ಇವಳಿಗೆ ಒಂದು ಮಾತೂ ಹೇಳದೆ, ಚಿತ್ರಕಥೆಯಲ್ಲಿದ್ದ ಸಾಲುಗಳನ್ನು ಈ ತಂಗಿಯಿಂದ ಓದಿಸಿದ್ದ.

ಆ ಸಂಜೆ ರಂಗದ ಮೇಲೆ ತಂಗಿಯ ಕೆನ್ನೆಗೆ ಹೊಡೆಯುವ ಸನ್ನಿವೇಶವಿತ್ತು. ಅಷ್ಟು ಸಹಜವಾಗಿ ಅದು ಹಿಂದೆಂದೂ ಬಂದಿರಲಿಲ್ಲ.

ಮರುದಿನ ನಟಿ ಮುಂಚಿತವಾಗಿ ತಿಳಿಸದೆ ಧ್ವನಿಮುದ್ರಣದ ಕೋಣೆಗೇ ಹೋದಳು. ನಿರ್ದೇಶಕ ಅವಳ ಮಗನ ವಯಸ್ಸಿನವನು. ಏನೇ ಕೇಳಿದರೂ ಮೊದಲು ಗಡ್ಡ ಕೆರೆದುಕೊಳ್ಳುವ ಆಸಾಮಿ. ನಿಮಗೆ ತೊಂದರೆ ಕೊಡಬಾರದೆಂದು ಹೀಗೆ ಮಾಡಿದೆ ಎಂದ. ನಿಮ್ಮ ದನಿಯಲ್ಲಿ ನಾಟಕದ ಗತ್ತು ಜಾಸ್ತಿ ಎಂದೂ ಸೇರಿಸಿದ. ನಟಿಯ ಮೈ ಉರಿಯಿತು. ಆದರೂ ಹಲ್ಲು ಕಚ್ಚಿ, ದೃಶ್ಯ ತೋರಿಸು ಎಂದಳು.

ಪರದೆಯ ಮೇಲೆ ಅವಳ ಮುಖ ಬಂತು. ತುಟಿ ಆಡುತ್ತಿತ್ತು, ಕೇಳಿಸುತ್ತಿದ್ದುದು ಮಾತ್ರ ಮನೆಯ ಹಿಂದಿದ್ದ ಜನರೇಟರಿನ ಗುರ್ರೆನ್ನುವ ಸದ್ದು. ತಂಗಿಯ ಮಾತು ಯಾಕೆ ಕೂರಲಿಲ್ಲವೆಂದು ಅವಳಿಗೆ ಆಗಲೇ ಹೊಳೆಯಿತು. ಚಿತ್ರೀಕರಣದ ದಿನ ಅವಳು ಚಿತ್ರಕಥೆಯ ಸಾಲುಗಳನ್ನು ಬಿಟ್ಟು ತನ್ನದೇ ಮಾತು ಆಡಿದ್ದಳು. ಆಗ ನಿರ್ದೇಶಕ ಕಣ್ಣೊರೆಸಿಕೊಂಡು, ಇದೇ ಇರಲಿ ಎಂದಿದ್ದ; ಎರಡು ವರ್ಷದಲ್ಲಿ ಅದನ್ನು ಮರೆತೂಬಿಟ್ಟಿದ್ದ. ಏನು ಹೇಳಿದಳೆಂದು ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಅವಳಿಗೂ ಈಗ ನೆನಪಿರಲಿಲ್ಲ. ಏನೋ ಸಿಟ್ಟಿತ್ತು, ಅಷ್ಟೇ. ಮೈಕಿನ ಮುಂದೆ ನಿಂತು ಬಾಯಿಗೆ ಬಂದದ್ದನ್ನೆಲ್ಲ ಹೊಂದಿಸಿ ನೋಡಿದಳು. ತನ್ನ ತುಟಿಯನ್ನು ತಾನೇ ಅಟ್ಟಿಸಿಕೊಂಡು ಓಡಿದ ಹಾಗಾಯಿತು. ಎರಡು ಗಂಟೆಯ ನಂತರ ಧ್ವನಿಯ ತಂತ್ರಜ್ಞ ಹೆಡ್‌ಫೋನ್ ತೆಗೆದಿಟ್ಟು, ದೃಶ್ಯವನ್ನೇ ಕತ್ತರಿಸಿಬಿಡಬಹುದಲ್ಲ ಎಂದ. ನಿರ್ದೇಶಕ ಗಡ್ಡ ಕೆರೆದುಕೊಂಡ.

"ಇದನ್ನೂ ತೆಗೆದ್ರೆ ನಾನು ಸಿನಿಮಾದಲ್ಲಿ ಬಾಗಿಲು ತೆಗೆಯೋಕೆ ಮಾತ್ರ ಇರ್ತೀನಿ. ಎರಡು ದಿನ ಕೊಡು," ಎಂದು ಹೇಳಿ, ದೃಶ್ಯವನ್ನು ಫೋನಿಗೆ ಹಾಕಿಸಿಕೊಂಡು ಬಂದಳು.

ಮಾರನೆಯ ದಿನ ಮಧ್ಯಾಹ್ನ ಊಟದ ಮೇಜಿನ ಮೇಲೆ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ, ಕಾಗದ ಪೆನ್ನು ಹಿಡಿದು ನೋಡುತ್ತಾ ಕೂತಿದ್ದಳು. ಹದಿನೇಳನೆಯ ಸಲವೋ ಹದಿನೆಂಟನೆಯದೋ. ಬೆನ್ನ ಹಿಂದಿನಿಂದ ಅತ್ತೆಯ ದನಿ ಗಟ್ಟಿಯಾಗಿ ಕೇಳಿತು.

"'ಬೆಳಿಗ್ಗೆ ಎದ್ದ ಕೂಡ್ಲೇ ಎದುರಿಗೆ ಕೂತ್ಕೋತಾರೆ,' ಅಂತಿದೀಯ."

ನಟಿಗೆ ಒಂದೇ ಸಾಲಿಗೆ ಎಲ್ಲವೂ ನೆನಪಾಗಿಹೋಯಿತು. ಆ ದಿನ ಚಿತ್ರೀಕರಣಕ್ಕೆ ಹೊರಡುವ ಮುಂಚೆ, ಇಷ್ಟು ವರ್ಷ ನಾಟಕ ಮಾಡಿ ಏನಾದೆ ಎಂದು ಕೇಳಿದ ಅತ್ತೆಯೊಡನೆ ಜಟಾಪಟಿಯಾಗಿತ್ತು. ನುಂಗಿಕೊಂಡು ಹೋದದ್ದನ್ನೆಲ್ಲ ಆ ಮುಚ್ಚಿದ ಬಾಗಿಲಿನ ಮುಂದೆ ಕಕ್ಕಿದ್ದಳು. ಕೈ ಚಾಚಿ ಫೋನ್ ಎತ್ತಿಕೊಳ್ಳಹೋದಳು. ಅತ್ತೆ ಅವಳ ಮಣಿಕಟ್ಟು ಹಿಡಿದು, ಕನ್ನಡಕ ಸರಿಪಡಿಸಿಕೊಂಡು, ಪಕ್ಕದ ಕುರ್ಚಿಯಲ್ಲಿ ಕೂತರು.

"ತಡಿ. ಬರ್ಕೋ. 'ಏನಾದೆ ಏನಾದೆ ಅಂತ ಕೇಳ್ತಾರೆ. ನಾನು ಏನೂ ಆಗಿಲ್ಲ. ಕೆಲಸ ಮಾಡ್ತಿದೀನಿ. ದಿನಾ ಹೋಗ್ತೀನಿ, ದಿನಾ ಬರ್ತೀನಿ, ಅದು ಇವರ ಕಣ್ಣಿಗೆ ಕಾಣಲ್ಲ.' ಇಲ್ಲಿ ಮುಖ ಬಗ್ಗಿಸಿದೀಯ, ಗೊತ್ತಾಗಲ್ಲ. ಆಮೇಲೆ... 'ಗಿರಣಿಯಲ್ಲಿ ಇವರನ್ನ ಯಾರಾದ್ರೂ ಕೇಳಿದ್ರಾ, ಏನಾದೆ ಅಂತ?'"

ಹಾಗೆಯೇ ನಾಲ್ಕು ನಿಮಿಷವನ್ನೂ ಓದಿದರು, ಒಂದು ಮಾತನ್ನೂ ಮೆತ್ತಗೆ ಮಾಡದೆ. 'ಈ ಮುದುಕಿ' ಎಂಬಲ್ಲಿಯೂ ನಿಲ್ಲಲಿಲ್ಲ. ಕಿಟಕಿಯಾಚೆ ಬಟ್ಟೆ ಒಣಗಿಸುತ್ತಿದ್ದ ಪಕ್ಕದ ಮನೆಯಾಕೆ ಕೈಯಲ್ಲಿದ್ದ ಹೊದಿಕೆಯನ್ನು ಹಾಗೇ ಹಿಡಿದು ನಿಂತುಬಿಟ್ಟಿದ್ದಳು. ನಟಿ ತಲೆ ಎತ್ತದೆ ಬರೆದುಕೊಳ್ಳುತ್ತಲೇ ಹೋದಳು.

ದೃಶ್ಯ ಮುಗಿಯಿತು. ಅತ್ತೆ ಜಗ್ಗಿನಿಂದ ನೀರು ಬಗ್ಗಿಸಿಕೊಂಡು ಕುಡಿದರು. ಸೊಸೆ ಕ್ಷಮಿಸಿ ಎನ್ನಲು ಬಾಯಿ ತೆರೆದಳು, ಆದರೆ ಅತ್ತೆ ಅವಳ ಮುಖವನ್ನು ನೋಡುತ್ತಿರಲಿಲ್ಲ.

"ಚೆನ್ನಾಗಿ ಮಾಡಿದೀಯ," ಎಂದರು. "ಕೊನೇಲಿ ಒಂದೇ ಮಾತು ಎರಡು ಸಲ ಆಡಿದೀಯ, ಅದೊಂದು ಬೇಕಿರಲಿಲ್ಲ." ಆಮೇಲೆ ಅವಳತ್ತ ತಿರುಗಿದರು. "ಈ ಮನೇಲಿ ಎಲ್ಲಾರೂ ಓಡಾಡ್ಕೊಂಡು ಮಾತಾಡ್ತೀರ. ನನಗೆ ಬೆನ್ನೇ ಕಾಣೋದು. ಬೆಳಿಗ್ಗೆ ಏನಾಯ್ತು ಅಂತ ಕೇಳಿದ್ರೆ ನೀನು ಸಿಟ್ಟಿಗಾದ್ರೂ ನನ್ನ ಕಡೆ ತಿರುಗ್ತೀಯ."

ನಟಿ ತಟ್ಟೆಗಳನ್ನು ಎತ್ತಿಟ್ಟು ಬಂದು, ಕುರ್ಚಿಯನ್ನು ಅತ್ತೆಯ ಎದುರಿಗೆ ಎಳೆದುಕೊಂಡು ಕೂತಳು. ಅವತ್ತು ಹೆಣವಾದ ಕಥೆಯನ್ನು ಮೊದಲಿಂದ ಹೇಳಿದಳು. ಅತ್ತೆ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು.

ಎರಡನೆಯ ದಿನ ಒಂದೇ ಗಂಟೆಯಲ್ಲಿ ಧ್ವನಿ ಕೂತಿತು. ಇದನ್ನು ಹೇಗೆ ಹೊಂದಿಸಿದಿರಿ ಎಂದು ನಿರ್ದೇಶಕ ಕೇಳಿದ. ಅವಳು ಹೇಳಿದ್ದೇ ತಪ್ಪಾಯಿತು. ನಟರು ಬರೆದದ್ದು ಬಿಟ್ಟು ಮಾತಾಡಿದ, ಜನರೇಟರ್ ಹಾಳು ಮಾಡಿದ ದೃಶ್ಯಗಳು ಇನ್ನೂ ಐದಿದ್ದವು. ಮುಂದಿನ ವಾರ ಅತ್ತೆಯನ್ನು ಕರೆದೊಯ್ಯಲು ಮನೆ ಬಾಗಿಲಿಗೆ ಕಾರು ಬಂತು. ಈ ಚಿತ್ರದ ಕೆಲಸಕ್ಕೆ ನಟಿ ಶುರುವಿನಿಂದಲೂ ಬಸ್ಸಿನಲ್ಲೇ ಓಡಾಡಿದ್ದಳು.

ಸಿನಿಮಾ ಕೊನೆಗೂ ಬಂತು. ನೂರಿಪ್ಪತ್ತು ಕುರ್ಚಿಗಳ ಒಂದು ಸಣ್ಣ ಚಿತ್ರಮಂದಿರದಲ್ಲಿ, ಮಧ್ಯಾಹ್ನದ ಆಟ, ಒಂದು ವಾರ. ಔಷಧಿ ಅಂಗಡಿಯವನೂ ಬಂದಿದ್ದ. ಅಡುಗೆಮನೆಯ ದೃಶ್ಯದಲ್ಲಿ ಯಾರೂ ಕೆಮ್ಮಲಿಲ್ಲ. ಎಲ್ಲೋ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಮೂಗು ಒರೆಸಿಕೊಂಡ ಸದ್ದು ಮಾತ್ರ ಕೇಳಿತು. ನಟಿ ಆ ಸದ್ದನ್ನು ಕತ್ತಲೆಯಲ್ಲಿ ಜೋಪಾನವಾಗಿ ಕೇಳಿಸಿಕೊಂಡಳು.

ಆಮೇಲೆ ಹೆಸರುಗಳು ಬಂದವು. ಸಂಭಾಷಣೆಗೆ ನೆರವು ಎಂಬುದರ ಕೆಳಗೆ ಅತ್ತೆಯ ಪೂರ್ತಿ ಹೆಸರು, ಅವರ ತಂದೆಯ ಹೆಸರಿನ ಸಮೇತ, ಒಂದು ಚೂರೂ ತಪ್ಪಿಲ್ಲದೆ ಬಂತು. ನಟಿಯ ಹೆಸರಿನಲ್ಲಿ ಒಂದಕ್ಷರ ಬಿಟ್ಟುಹೋಗಿ, ಅದು ಯಾರೋ ಗಂಡಸಿನ ಹೆಸರಾಗಿತ್ತು.

ಹೊರಗೆ ಬಿಸಿಲಿನಲ್ಲಿ ನಿಂತು ನಿರ್ದೇಶಕನಿಗೆ ಫೋನ್ ಮಾಡಿದಳು. ಮುಂದಿನ ತಿಂಗಳು ಸರಿಮಾಡಿಸುತ್ತೇನೆ ಎಂದ. ಅವಳು ಫೋನಿಟ್ಟಳು. ನಾಲ್ಕು ಗಂಟೆಗೆ ಹೊಸ ನಾಟಕದ ತಾಲೀಮಿತ್ತು, ಆಗಲೇ ಮೂರೂಮುಕ್ಕಾಲು. ಅತ್ತೆ ಔಷಧಿ ಅಂಗಡಿಯವನನ್ನು ತಡೆದು ನಿಲ್ಲಿಸಿಕೊಂಡು, ತೆರೆಯ ಮೇಲೆ ತಮ್ಮ ಹೆಸರು ಯಾವ ಜಾಗದಲ್ಲಿ ಬಂತೆಂದು ಇಡೀ ರಸ್ತೆಗೆ ಕೇಳುವಂತೆ ವಿವರಿಸುತ್ತಿದ್ದರು. ನಟಿ ಅವರ ಭುಜ ಮುಟ್ಟಿ, ಎದುರಿಗೆ ಬಂದು ನಿಂತು, ಮನೆಗೆ ಒಬ್ಬರೇ ಹೋಗ್ತೀರಾ, ನನಗೆ ಹೊತ್ತಾಯಿತು ಎಂದಳು. ಹೋಗು ಎಂಬಂತೆ ಅತ್ತೆ ಕೈಬೀಸಿ ಮತ್ತೆ ಅಂಗಡಿಯವನತ್ತ ತಿರುಗಿದರು. ಬಸ್ಸು ಆಗಲೇ ಮೂಲೆಯಲ್ಲಿ ತಿರುಗುತ್ತಿತ್ತು. ನಟಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು.