ಎರಡು ಊರಿನ ನೆರಳು

ಬಸ್ ನಿಲ್ದಾಣದ ಎದುರಿನ ಕಟಿಂಗ್ ಶಾಪಿನಲ್ಲಿ ಅವತ್ತು ಎಲ್ಲರ ಬಾಯಲ್ಲೂ ಒಂದೇ ದೂರು. ಮಕ್ಕಳ ಕೈಗೆ ಫೋನ್ ಸಿಕ್ಕರೆ ಮುಗಿಯಿತು, ಕರೆದರೆ ಓಗೊಡುವುದಿಲ್ಲ, ತಟ್ಟೆ ಮುಂದಿಟ್ಟರೂ ತಲೆ ಎತ್ತುವುದಿಲ್ಲ. ಸಾಲದ್ದಕ್ಕೆ ಈಗ ಶಾಲೆಗೂ ಟ್ಯಾಬ್ ಬಂದಿದೆಯಂತೆ! ಅಂಗಡಿಯ ಕ್ಷೌರಿಕನಿಗಂತೂ ಮೈಯೆಲ್ಲ ಉರಿ.

ಅವನು ಮಾತಿನ ಮನುಷ್ಯ. ಕತ್ತರಿ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ಅಂಥವನ ಮಗಳು ಪುಟ್ಟಿ ಮಾತ್ರ ತರಗತಿಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಹಿಂದೊಮ್ಮೆ ಎದ್ದು ನಿಂತು ತಪ್ಪು ಉತ್ತರ ಹೇಳಿದಾಗ ಇಡೀ ಕ್ಲಾಸು ಗೊಳ್ಳೆಂದು ನಕ್ಕಿತ್ತು. ಅಲ್ಲಿಂದಾಚೆಗೆ ಅವಳು ಹಿಂದಿನ ಬೆಂಚಿಗೆ ಹೋಗಿ ತಲೆ ತಗ್ಗಿಸಿ ಕೂತವಳು ಕೂತೇಬಿಟ್ಟಿದ್ದಳು. 

ಅಷ್ಟರಲ್ಲಿ ಅವಳ ವಿಜ್ಞಾನದ ಮೇಷ್ಟ್ರೇ ಗಡ್ಡ ಮಾಡಿಸಿಕೊಳ್ಳಲು ಬಂದು ಕುಳಿತರು. ಕ್ಷೌರಿಕ ಕೆನ್ನೆಗೆ ನೊರೆ ಹಚ್ಚಿ, ರೇಜರ್ ಹಿಡಿದು ಶುರುಮಾಡಿದ.

"ಮೇಷ್ಟ್ರೇ, ನನ್ನ ಮಗಳು ಮೊದಲೇ ಮಾತಾಡಲ್ಲ. ಆ ಟ್ಯಾಬು ಬೇರೆ ಕೈಗೆ ಕೊಟ್ಟರೆ, ಇರೋ ನಾಲ್ಕು ಮಾತೂ ಹೋಯ್ತು ಅಂತ ತಿಳ್ಕೊಳ್ಳಿ. ಆ ಕ್ಲಾಸಿಗೆ ನಾನವಳನ್ನ ಕಳಿಸಲ್ಲ."

ಕತ್ತಿನ ಮೇಲೆ ರೇಜರ್ ಇರುವಾಗ ಮೇಷ್ಟ್ರು ಬಾಯಿ ತೆರೆಯುವುದಾದರೂ ಹೇಗೆ? ಎಲ್ಲ ಮುಗಿದ ಮೇಲೆ ಮುಖ ಒರೆಸಿಕೊಂಡು ನಕ್ಕರು.

"ಅಂತೂ ನನ್ನ ಸರದಿ ಬಂತು! ನಿಮ್ಮ ಭಯ ಸುಳ್ಳಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಸುಮ್ಮನೆ ಕೂರಿಸಿದರೆ ನೀವು ಹೇಳಿದ್ದೇ ಆಗುತ್ತೆ. ಅದಕ್ಕೇ ನಾವು ನಾಲ್ಕು ಮಕ್ಕಳಿಗೆ ಒಂದೇ ಕೊಡ್ತೀವಿ. ಮೊದಲು ತಮ್ಮತಮ್ಮಲ್ಲಿ ಮಾತಾಡಬೇಕು, ಆಮೇಲೆ ಬರೀಬೇಕು. ನಾಳೆ ಮಧ್ಯಾಹ್ನ ಅಂಗಡಿ ಬಾಗಿಲು ಎಳೆದು ಬನ್ನಿ. ನೋಡಿ, ಆಮೇಲೆ ಬೇಡ ಅನ್ನಿ."

ಮರುದಿನ ಸೂರ್ಯ ನೆತ್ತಿಗೇರುವ ಹೊತ್ತಿಗೆ ಕ್ಷೌರಿಕ ಶಾಲೆಗೆ ಹೋದ. ಅಂಗಳದಲ್ಲಿ ಮಕ್ಕಳು ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳು ಅಳೆಯುತ್ತಿದ್ದರು. ನೆರಳು ಒಂದು ಗೇಣಿನಷ್ಟಿತ್ತು. 'ಇದಕ್ಕೂ ಟ್ಯಾಬಿಗೂ ಏನು ಸಂಬಂಧ?' ಎಂದು ಗೊಣಗುತ್ತಾ ಅವನು ತರಗತಿಯ ಬಾಗಿಲ ಬಳಿ ಕುಳಿತ.

ಗೋಡೆಯ ಮೇಲೆ ದೊಡ್ಡ ಪರದೆ. ಮಕ್ಕಳು ಟ್ಯಾಬಿನಲ್ಲಿ ಬರೆದದ್ದೆಲ್ಲ ಅಲ್ಲಿ ಮೂಡುತ್ತಿತ್ತು. ಅವರದ್ದಷ್ಟೇ ಅಲ್ಲ, ನೇರ ಉತ್ತರಕ್ಕೆ ಹಗಲೂ ರಾತ್ರಿ ರೈಲಿನಲ್ಲಿ ಹೋದರೆ ಸಿಗುವ ಇನ್ನೊಂದು ಊರಿನ ಶಾಲೆಯ ಮಕ್ಕಳದ್ದೂ. ಅಲ್ಲೂ ಅಷ್ಟೇ ಉದ್ದದ ಕೋಲು, ಅದೇ ನಡುಮಧ್ಯಾಹ್ನ. ನೆರಳು ಮಾತ್ರ ಇಲ್ಲಿಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

"ಅವರು ತಪ್ಪು ಅಳೆದಿದ್ದಾರೆ!" ಎಂದ ಮುಂದಿನ ಬೆಂಚಿನ ಹುಡುಗ.

'ನೀವೇ ಇನ್ನೊಂದು ಸಲ ಅಳೀರಿ' ಎಂದು ಆಚೆಯ ಊರಿನಿಂದ ಬರಹ ಮೂಡಿತು.

"ತಪ್ಪು ಅಂದರೆ ಸಾಲದು, ಯಾಕೆ ಅಂತ ಹೇಳಬೇಕು. ಗುಂಪಿನಲ್ಲಿ ಮಾತಾಡಿ," ಎಂದರು ಮೇಷ್ಟ್ರು.

ಕೋಣೆಯೆಲ್ಲ ಗುಜುಗುಜು. ಹಿಂದಿನ ಬೆಂಚಿನಲ್ಲಿ ಪುಟ್ಟಿ ಗೆಳತಿಯ ಕಿವಿಯಲ್ಲಿ ಏನೋ ಉಸುರಿದಳು. "ಅಯ್ಯೋ, ನೀನೇ ಬರಿಯೇ!" ಎಂದು ಗೆಳತಿ ಟ್ಯಾಬನ್ನು ಅವಳತ್ತ ತಳ್ಳಿದಳು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಸಾಲೊಂದು ಮೂಡಿತು: 'ಇಬ್ಬರೂ ಸರಿ ಇರಬಹುದಲ್ವಾ? ನೆಲವೇ ಬಾಗಿದ್ದರೆ?'

ಯಾರೂ ನಗಲಿಲ್ಲ. ಆಚೆಯವರು ಕೇಳಿದರು: 'ಅದು ಹೇಗೆ? ತೋರಿಸ್ತೀರಾ?'

ಪುಟ್ಟಿ ಎದ್ದಳು. ಆಟದ ಚೀಲದಿಂದ ಚೆಂಡು ತೆಗೆದು, ಅದರ ಮೇಲೆ ಎರಡು ಬೆಂಕಿಕಡ್ಡಿ ನೆಟ್ಟಗೆ ಅಂಟಿಸಿ, ಕಿಟಕಿಯ ಬಿಸಿಲಿಗೆ ಹಿಡಿದಳು. ಮೇಷ್ಟ್ರು ಟ್ಯಾಬಿನ ಕ್ಯಾಮೆರಾವನ್ನು ಅತ್ತ ತಿರುಗಿಸಿದರು.

"ಇದು ನಮ್ಮ ಕೋಲು, ಇದು ನಿಮ್ಮದು. ಬಿಸಿಲು ಒಂದೇ ಕಡೆಯಿಂದ ಬರ್ತಿದೆ. ಆದರೆ ಚೆಂಡು ಬಾಗಿದೆ, ಅದಕ್ಕೆ ನಿಮ್ಮ ಕೋಲಿನ ನೆರಳು ಉದ್ದ." ದನಿ ನಡುಗುತ್ತಿತ್ತು, ನಿಲ್ಲಲಿಲ್ಲ.

"ಆದರೆ ಸೂರ್ಯ ಹತ್ತಿರದಲ್ಲೇ ಇದ್ದರೆ, ನೆಲ ಚಪ್ಪಟೆ ಆಗಿದ್ದರೂ ಹೀಗೇ ಆಗುತ್ತಲ್ಲ?" ಎಂದ ಮುಂದಿನ ಬೆಂಚಿನ ಆ ಹುಡುಗ.

ಅಪ್ಪ ಬಾಗಿಲ ಬಳಿಯಿಂದ ಕತ್ತು ಚಾಚಿದ. ಮತ್ತೆ ತಲೆ ತಗ್ಗಿಸುತ್ತಾಳೇನೋ!

ಪುಟ್ಟಿ ಯೋಚಿಸಿದಳು. "ಹೌದಲ್ಲ... ಆಗಬಹುದು. ಹಾಗಾದರೆ ಇನ್ನೊಂದು ಊರಿನವರನ್ನೂ ಸೇರಿಸಿಕೊಳ್ಳೋಣ. ಮೂರು ನೆರಳು ಸಿಕ್ಕರೆ, ಅವು ಚಪ್ಪಟೆ ನೆಲಕ್ಕೆ ಹೊಂದುತ್ತವೋ ಬಾಗಿದ ನೆಲಕ್ಕೋ ಅಂತ ಗೊತ್ತಾಗುತ್ತೆ." ಹುಡುಗ ಕಣ್ಣರಳಿಸಿ ತಲೆಯಾಡಿಸಿದ. ಎರಡೂ ಊರಿನ ಮಕ್ಕಳು ಒಟ್ಟಿಗೇ ಮಾತಿಗಿಳಿದರು.

ಕ್ಷೌರಿಕ ತನ್ನ ಕಾಲ ಕೆಳಗಿನ ನೆಲ ನೋಡಿದ. ಭೂಮಿ ಗುಂಡಗಿದೆ ಎಂದು ಅವನೂ ಶಾಲೆಯಲ್ಲಿ ಗಿಣಿಯಂತೆ ಒಪ್ಪಿಸಿದ್ದವನೇ. ಆದರೆ ಹುಟ್ಟಿದಂದಿನಿಂದ ಓಡಾಡಿದ ಈ ನೆಲ ಇಲ್ಲಿಂದಲೇ ಮೆಲ್ಲಗೆ ಬಾಗುತ್ತಾ, ಬೆಟ್ಟ ಹೊಳೆಗಳನ್ನೆಲ್ಲ ಹೊತ್ತುಕೊಂಡು ಆ ಕಾಣದ ಮಕ್ಕಳ ಅಂಗಳದವರೆಗೂ ಹೋಗಿದೆ ಎಂಬುದು ಅವನಿಗೆ ತಟ್ಟಿದ್ದು ಆ ಗಳಿಗೆಯಲ್ಲಿ. ಮೈ ಜುಮ್ಮೆಂದಿತು. ತೋರಿಸಿಕೊಟ್ಟವಳು ತನ್ನ ಮಗಳು! ಮೇಷ್ಟ್ರು ಹತ್ತಿರ ಬಂದು "ಏನಂತೀರಿ?" ಎಂದರು. ಆ ಮಾತಿನ ಮನುಷ್ಯ ಕಣ್ಣೊರೆಸಿಕೊಂಡು, "ಕಳಿಸ್ತೀನಿ ಮೇಷ್ಟ್ರೇ" ಎಂದಷ್ಟೇ ಅಂದ.

ಆ ಸಂಜೆ ಊಟಕ್ಕೆ ಕೂತಾಗ ಪುಟ್ಟಿಯ ಮಾತು ನಿಲ್ಲಲೇ ಇಲ್ಲ.

"ಅಲ್ಲರೀ, ನೀವು ಸುಮ್ಮನೆ ಕೂತು ಕೇಳ್ತಿದ್ದೀರಾ? ಮೈ ಹುಷಾರಿದೆ ತಾನೇ?" ಎಂದಳು ಹೆಂಡತಿ.

"ಶ್... ಅವಳು ಹೇಳಲಿ ಕಣೇ," ಎಂದ ಅವನು.

ನಿಮ್ಮ ಮಕ್ಕಳ ಶಾಲೆಗೂ ಇಂಥ ಸಲಕರಣೆ ಬಂದಿದೆಯೇ? ಹೆದರಿ ದೂರ ಇಡಬೇಡಿ, ಕೈಗೆ ಕೊಟ್ಟು ಮರೆಯಲೂ ಬೇಡಿ. ಒಂದು ದಿನ ಬಿಡುವು ಮಾಡಿಕೊಂಡು ತರಗತಿಯಲ್ಲಿ ಕೂತು ನೋಡಿ. ಮಕ್ಕಳು ಬರೀ ಪರದೆ ನೋಡುತ್ತಿದ್ದಾರೋ, ಅದನ್ನು ನಡುವೆ ಇಟ್ಟುಕೊಂಡು ಒಬ್ಬರೊಡನೊಬ್ಬರು ಮಾತಾಡುತ್ತಿದ್ದಾರೋ ಗಮನಿಸಿ. ಮಾತಿಲ್ಲದಿದ್ದರೆ ಮೇಷ್ಟ್ರನ್ನು ಕೇಳಿ, ಕೇಳುವ ಹಕ್ಕು ನಿಮಗಿದೆ. ಸಂಜೆ ಮಗು ಮನೆಗೆ ಬಂದಾಗ, ಎಷ್ಟು ಮಾರ್ಕ್ಸ್ ಅನ್ನುವ ಮುಂಚೆ, "ಇವತ್ತು ಯಾರನ್ನ ಏನು ಕೇಳಿದೆ?" ಎಂದು ಕೇಳಿ. ಅಡುಗೆ ಆರಿದರೂ ಚಿಂತೆಯಿಲ್ಲ, ಉತ್ತರ ಮುಗಿಯುವ ತನಕ ಕೂತಿರಿ.