ಬಾಯಿಗೆ ಅಡ್ಡವಾದ ಅಂಗೈ

ಮಗುವಿಗೆ ಹದಿನೈದು ತಿಂಗಳು ತುಂಬಿದರೂ ಒಂದು ಹಲ್ಲೂ ಮೂಡಿರಲಿಲ್ಲ. ನಡೆಯುತ್ತಿತ್ತು, ಬಾಗಿಲ ಹಿಂದೆ ಅಡಗಿ ಕೂಗುತ್ತಿತ್ತು, ಅಜ್ಜಿಯ ಕನ್ನಡಕ ಕಿತ್ತುಕೊಂಡು ಓಡುತ್ತಿತ್ತು. ಬಾಯಿ ತೆರೆದರೆ ಮಾತ್ರ ಮೇಲೂ ಕೆಳಗೂ ಬರಿಯ ವಸಡು.

"ಕೆಲವು ಮಕ್ಕಳಿಗೆ ತಡ ಆಗುತ್ತೆ. ಇನ್ನೊಂದಿಷ್ಟು ದಿನ ಕಾಯೋಣ," ಎಂದರು ವೈದ್ಯೆ. "ಮನೇಲಿ ಯಾರಿಗಾದ್ರೂ ಹೀಗೆ ತಡವಾಗಿತ್ತಾ?"

ತಾಯಿ ತನ್ನ ಅತ್ತೆಯ ಮುಖ ನೋಡಿದಳು. "ನಮ್ಮ ಕಡೆ ಅಂಥದ್ದೇನಿಲ್ಲ," ಎಂದು ಅತ್ತೆ ಚೀಲ ಎತ್ತಿಕೊಂಡು ಎದ್ದರು.

ತಪ್ಪು ಯಾರದೆಂಬುದು ಅಲ್ಲಿಗೆ ಇತ್ಯರ್ಥವಾಯಿತು. ತಾಯಿ ಪುಸ್ತಕ ಕಟ್ಟುವ ಕಾರ್ಯಾಗಾರದಲ್ಲಿ ಹೊಲಿಗೆಯವಳು. ಮಡಿಸಿದ ಹಾಳೆಗಳನ್ನು ಮೇಣ ಸವರಿದ ದಾರದಿಂದ ಒಂದಕ್ಕೊಂದು ಕೂಡಿಸುವುದು ಅವಳ ಕೆಲಸ. ಅವಳು ಹೊಲಿದ ಪುಸ್ತಕ ಎಲ್ಲಿ ತೆರೆದರೂ ಮಟ್ಟಸವಾಗಿ ಮಲಗುತ್ತಿತ್ತು. ಮಗುವಿಗೆ ಎಂಟು ತಿಂಗಳಾದಾಗ ಅವಳು ಆ ಕೆಲಸಕ್ಕೆ ಮರಳಿದ್ದಳು.

"ಎಳೇ ಕೂಸನ್ನ ಬಿಟ್ಟು ಹೋದ್ಯಲ್ಲ. ಹೊಟ್ಟೆ ತುಂಬ ತಾಯಿ ಹಾಲು ಸಿಕ್ಕಿದ್ರೆ ಹಲ್ಲು ಯಾಕೆ ಬರಲ್ಲ? ಅದು ಬರೋವರೆಗೂ ನೀನು ಕೆಲಸ ಅಂತ ಹೊಸಿಲು ದಾಟಬೇಡ," ಎಂದರು ಅತ್ತೆ.

ಗಂಡ ದೂರದೂರಿಗೆ ಲಾರಿ ಓಡಿಸುವವನು. "ಅಮ್ಮನಿಗೆ ಗೊತ್ತಿರುತ್ತೆ ಬಿಡು," ಎಂದು ಫೋನಿಟ್ಟ. ಕಾರ್ಯಾಗಾರದ ಯಜಮಾನ ಮಾತ್ರ ಸ್ಪಷ್ಟವಾಗಿ ಹೇಳಿದ: "ತಿಂಗಳ ಕೊನೇವರೆಗೂ ನಿನ್ನ ಜಾಗ ಖಾಲಿ ಇಡ್ತೀನಮ್ಮ. ಆಮೇಲೆ ಬೇರೆಯವರನ್ನ ನೋಡ್ಲೇಬೇಕು."

ಹೀಗೆ ದುಡಿಯುವ ಹೆಣ್ಣೊಬ್ಬಳ ಬದುಕನ್ನು ಕೂಸಿನ ವಸಡಿಗೆ ಕಟ್ಟಿಹಾಕಲಾಯಿತು. ಇದಕ್ಕೆ ಆ ಮನೆಯವರು ಅನ್ಯಾಯವೆಂಬ ಹೆಸರನ್ನು ಕೊಡಲಿಲ್ಲ, ಕಾಳಜಿ ಎಂದರು.

ಮೆಟ್ಟಿಲ ಮೇಲೆ ನೆರೆಯವರು ಅಡ್ಡ ನಿಲ್ಲುತ್ತಿದ್ದರು. "ಏನಮ್ಮ ಬೊಚ್ಚಕ್ಕ, ನಿನ್ನ ಹಲ್ಲಿನ ಸವಾರಿ ಇನ್ನೂ ಹೊರಟಿಲ್ವಾ?" ಎಂದು ಒಬ್ಬಳು ಮಗುವಿನ ಗಲ್ಲ ಹಿಡಿದು ನಕ್ಕರೆ, "ಮಗಳ ಬಾಯಿ ಖಾಲಿ, ಅಮ್ಮನ ಬಾಯಿಗೆ ಬೀಗ," ಎಂದು ಇನ್ನೊಬ್ಬಳು ಸೇರಿಸುತ್ತಿದ್ದಳು. ತಮಾಷೆಗೆ ಆಡಿದ ಮಾತು ಆಡಿದವರಿಗಷ್ಟೇ ತಮಾಷೆ. ಹೆಜ್ಜೆಯ ಸದ್ದು ಕೇಳಿದೊಡನೆ ತಾಯಿ, ನಗುವ ಮಗುವಿನ ಬಾಯಿಗೆ ತನ್ನ ಅಂಗೈಯನ್ನು ಅಡ್ಡ ಹಿಡಿಯತೊಡಗಿದಳು. ಮೊದಲು ಮೆಟ್ಟಿಲ ಮೇಲೆ, ಆಮೇಲೆ ಕಿಟಕಿಯ ಬಳಿಯೂ. ಕೊನೆಗೆ ಹೊರಗೆ ಹೋಗುವುದನ್ನೇ ಬಿಟ್ಟಳು. ಮಗು ಮಲಗಿದಾಗ ಹಳೆಯ ಪತ್ರಿಕೆಗಳನ್ನು ಮಡಿಸಿ, ಉಗುರಿನಿಂದ ಅಂಚು ತೀಡಿ, ಮತ್ತೆ ಬಿಡಿಸುತ್ತ ಕೂರುತ್ತಿದ್ದಳು. ಬೀದಿಯಲ್ಲಿ ಕೆಲಸದ ಹೆಂಗಸರು ಮಾತಾಡಿಕೊಂಡು ಹೋಗುವುದು ಮೇಲಿನವರೆಗೂ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಮಗು ಬೀರುವಿನ ಕನ್ನಡಿಯ ಮುಂದೆ ನಿಂತು ತನ್ನ ಬಿಂಬವನ್ನು ಕಂಡು ನಕ್ಕಿತು. ನಗುವ ಮುನ್ನ ತನ್ನ ಪುಟ್ಟ ಅಂಗೈಯನ್ನು ತಾನೇ ಬಾಯಿಗೆ ಅಡ್ಡ ಇಟ್ಟುಕೊಂಡಿತು. ತಾಯಿ ಮಡಿಸುತ್ತಿದ್ದ ಹಾಳೆಯನ್ನು ಕೆಳಗಿಟ್ಟಳು. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಅದೇ ವಾರ ಅತ್ತೆಯ ತಂಗಿ, ಕಣ್ಣು ತೋರಿಸಲೆಂದು ಬಂದವರು, ಎರಡು ದಿನ ಉಳಿದರು. ಬಂದವರೇ ಮಗುವನ್ನು ತೊಡೆಯ ಮೇಲೆಳೆದುಕೊಂಡು ತಮ್ಮ ಬೊಚ್ಚುಬಾಯಿಯನ್ನು ಅಗಲಿಸಿದರು.

"ಬಾರೇ ಗೆಳತೀ! ನಿನಗೂ ಇಲ್ಲ, ನನಗೂ ಇಲ್ಲ. ಯಾರು ಯಾರನ್ನ ಆಡಿಕೊಳ್ಳೋ ಹಾಗಿದೆ?" ಮಗು ಬಾಯಿಗೆ ಕೈಯಿಟ್ಟು ಕಿಲಕಿಲ ನಕ್ಕಿತು. "ಥೇಟ್ ಅವರಪ್ಪನೇ ಕಣಕ್ಕಾ! ಒಂದೂವರೆ ವರ್ಷ ಆದ್ರೂ ಅವನ ಬಾಯಲ್ಲಿ ಒಂದು ಹಲ್ಲಿತ್ತಾ? ನಿನ್ನ ಹಾಲಲ್ಲೇ ಸತ್ವ ಇಲ್ಲ ಅಂತ ನಿಮ್ಮತ್ತೆ ಊರೆಲ್ಲ ಡಂಗುರ ಹೊಡೆದಿದ್ರು. ನೀನು ನಮ್ಮನೆಗೆ ಬಂದು ಅತ್ತಿದ್ದು ಮರೆತೇಹೋಯ್ತಾ?"

"ಹಳೇದೆಲ್ಲ ಈಗ್ಯಾಕೆ? ಕೈಕಾಲು ತೊಳ್ಕೊ ಹೋಗು," ಎಂದರು ಅತ್ತೆ.

ಸೊಸೆ ಬಾಗಿಲಲ್ಲೇ ನಿಂತಿದ್ದಳು. "ಅತ್ತೇ, ಡಾಕ್ಟರು ಕೇಳಿದಾಗ ಇಲ್ಲ ಅಂದ್ರಲ್ಲ?"

"ಆಗ ನನ್ನ ಕಷ್ಟ ಯಾರು ಕೇಳಿದ್ರು? ನಾನು ಸಹಿಸಲಿಲ್ವಾ?"

ಸಹಿಸಿದ್ದನ್ನು ಪಿತ್ರಾರ್ಜಿತ ಆಸ್ತಿಯಂತೆ ಮುಂದಿನವರಿಗೆ ವಹಿಸಿಕೊಡುವವರ ನ್ಯಾಯವಿದು. ಪೆಟ್ಟು ತಿಂದವರಿಗೆ ಇನ್ನೊಬ್ಬರ ನೋವು ತಿಳಿಯುತ್ತದೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ತಿಳಿದೂ ಕೈಯೆತ್ತುವವರ ವಿಷಯ ಯಾವ ಪಾಠದಲ್ಲಿದೆ?

ಮರುದಿನ ಬೆಳಿಗ್ಗೆ ಸೊಸೆ ಚಪ್ಪಲಿ ಮೆಟ್ಟಿದಳು. "ಕೆಲಸಕ್ಕೆ ಹೋಗಿಬರ್ತೀನಿ. ಮಗು ನಿಮ್ಮ ಹತ್ರ ಇರುತ್ತೆ." ಅತ್ತೆ ಹೂಂ ಎನ್ನಲೂ ಇಲ್ಲ, ತಡೆಯಲೂ ಇಲ್ಲ. ಕಾರ್ಯಾಗಾರದಲ್ಲಿ ಅವಳ ಮಣೆ, ಸೂಜಿ, ಮೇಣದ ತುಂಡು ಇದ್ದಲ್ಲೇ ಇದ್ದವು. ಅಂದಿನಿಂದ ಮನೆಯಲ್ಲಿ ಊಟಕ್ಕೆ ಕರೆಯುವಷ್ಟೇ ಮಾತು ಉಳಿಯಿತು.

ಕೆಲವು ವಾರಗಳ ನಂತರ, ಒಂದು ಸಂಜೆ ಅವಳು ಒಳಗೆ ಕಾಲಿಟ್ಟೊಡನೆ ಮಗು ಓಡಿ ಬಂದು, ಬಾಯಿಗೆ ಕೈಯಿಟ್ಟು ನಕ್ಕಿತು. ಅವಳು ಆ ಕೈಯನ್ನು ಮೆಲ್ಲನೆ ಸರಿಸಿದಳು. ಕೆಳವಸಡಿನಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳುಪು.

"ಅತ್ತೇ! ಹಲ್ಲು!"

ಒಳಗೆ ಬಟ್ಟೆ ಮಡಿಸುತ್ತಿದ್ದ ಅತ್ತೆ, "ಹೂಂ," ಎಂದರು. ನೋಡಲು ಎದ್ದು ಬರಲಿಲ್ಲ. ಅವರು ಆಗಲೇ ಕಂಡಿದ್ದರೆಂದು ಸೊಸೆಗೆ ಅರ್ಥವಾಯಿತು. ತಾಯಿಯೇ ಮೊದಲು ಕಾಣಲೆಂದು ಸುಮ್ಮನಿದ್ದರೋ, ಹೇಳಲು ನಾಲಗೆ ಬಾರದೆ ಸುಮ್ಮನಿದ್ದರೋ. ಕೇಳುವ ಸಲಿಗೆ ಉಳಿದಿರಲಿಲ್ಲ. ಗಂಡನಿಗೆ ಫೋನು ಮಾಡಿದಳು. ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು.

ಮಗು ಮತ್ತೆ ನಕ್ಕಿತು. ಅಂಗೈ ಮತ್ತೆ ಬಾಯಿಗೆ ಹೋಯಿತು. ಹಲ್ಲು ತನ್ನಷ್ಟಕ್ಕೆ ತಾನೇ ಬಂದಿತ್ತು. ಆ ಕೈ ತನ್ನಷ್ಟಕ್ಕೆ ಇಳಿಯುವಂಥದಲ್ಲ. ಅದನ್ನು ಅಲ್ಲಿಟ್ಟವಳು ತಾನು.

ಅವಳು ಕತ್ತಲಾಗುತ್ತಿದ್ದ ಕೋಣೆಯಲ್ಲಿ ದೀಪ ಹಾಕಿ, ಮಗುವಿನೆದುರು ನೆಲದ ಮೇಲೆ ಕೂತು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬಾಯಿ ತುಂಬ ನಕ್ಕಳು. ಮಗು ನೋಡುತ್ತಿತ್ತು. ಅವಳು ಇನ್ನೊಮ್ಮೆ ನಕ್ಕಳು.