ಮನೆ ನಂಬರಿನ ಗಾಜು

ಒಲೆಯ ಬೆಂಕಿಯನ್ನು ಎಷ್ಟು ಬೇಕಾದರೂ ನೋಡು. ಗ್ಯಾಸಿನ ಬೆಂಕಿಯನ್ನು ಹಸಿರು ಗಾಜಿನ ಚಾಳೀಸು ಕಣ್ಣಿಗೆ ಹಾಕಿಕೊಂಡು ನೋಡು. ಕರೆಂಟಿನ ಬೆಂಕಿಯನ್ನು ಮಾತ್ರ ಹನ್ನೊಂದನೇ ನಂಬರಿನ ಕರಿ ಗಾಜಿಲ್ಲದೆ ಕನಸಿನಲ್ಲಿಯೂ ನೋಡಬೇಡ. ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಶಿವಯೋಗೆಪ್ಪ ಕೆಲಸಕ್ಕೆ ಬಂದವರಿಗೆ ಕಲಿಸುತ್ತಿದ್ದ ಮೊದಲ ಪಾಠ ಇದು. ಅವನ ಹಳೆಯ ಆಳು ಲಾಡಲೇಸಾಬನಿಗೆ ಇದು ಬಾಯಿಪಾಠ, ಲಾಡಲೇಸಾಬನ ಹೆಂಡತಿ ಮಾಸುಮಬಿಗೂ ಬಾಯಿಪಾಠ. ಪಾಠ ಬಂದವರೇ ಕೆಡುವುದು ನೋಡಿ, ಬಾರದವರು ಹೆದರಿ ದೂರ ನಿಲ್ಲುತ್ತಾರೆ.

ಆ ಪಾಠದ ಜೊತೆಗೆ ಯಾರೂ ಕಲಿಸದ ಇನ್ನೊಂದು ಪಾಠವನ್ನೂ ಗಂಡ ಹೆಂಡತಿ ತಾವೇ ಕಲಿತಿದ್ದರು. ಕರಿ ಗಾಜು ಕೂರಿಸಿದ, ಕೈಯಲ್ಲಿ ಹಿಡಿಯುವ ಮುಖಪರದೆ ಎಂದಾದರೂ ಸ್ವಲ್ಪ ಜಾರಿ ಕರೆಂಟಿನ ಬೆಳಕು ಕಣ್ಣಿಗೆ ಹೊಡೆದರೆ, ಅವತ್ತು ರಾತ್ರಿ ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿ. ಗಟ್ಟಿಮುಟ್ಟಾದ ಗಂಡಸು ಕೂಸಿನಂತೆ ಅಳುತ್ತಿದ್ದ. ಮಾಸುಮಬಿ ಆಲೂಗಡ್ಡೆ ಕೊಯ್ದು ರೆಪ್ಪೆಯ ಮೇಲಿಡುತ್ತಿದ್ದಳು. ಎರಡು ದಿನಕ್ಕೆ ಎಲ್ಲ ಸರಿಹೋಗುತ್ತಿತ್ತು. ಹೀಗಾಗಿ ಅಳಿಸುವ ಬೆಳಕು ಕೆಟ್ಟದ್ದು, ಅಳಿಸದ ಬೆಳಕು ಒಳ್ಳೆಯದು ಎಂದು ಇಬ್ಬರೂ ಮನಸ್ಸಿನಲ್ಲಿ ಬರೆದುಕೊಂಡಿದ್ದರು. ಮನುಷ್ಯರನ್ನೂ ನಾವು ಹೀಗೆಯೇ ಅಳೆಯುತ್ತೇವಲ್ಲ, ಅವರದೇನು ತಪ್ಪು?

ಎಪ್ಪತ್ತೈದನೇ ಇಸವಿಯ ಬೇಸಿಗೆಯಲ್ಲಿ ಮಾಸುಮಬಿ ದಿನ ತುಂಬಿದ ಬಸುರಿ. ಇದಕ್ಕೂ ಮೊದಲು ಎರಡು ಕೂಸು ಕೈಗೆ ಬರದೆಯೇ ಹೋಗಿದ್ದವು. ಎರಡನೆಯದು ಹುಟ್ಟುವಾಗಲೇ ತಣ್ಣಗಿತ್ತು. ಸೂಲಗಿತ್ತಿ ಅದನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಳು, ತಂದೆಗೆ ಮುಖ ಕೂಡ ತೋರಿಸಲಿಲ್ಲ. ಅಂದಿನಿಂದ ಲಾಡಲೇಸಾಬನಿಗೆ ಒಂದೇ ಹಂಬಲ. ದೊಡ್ಡದೇನೂ ಅಲ್ಲ ಬಿಡಿ, ದೇವರು ಮನಸ್ಸು ಮಾಡಿದ್ದರೆ ಎಡಗೈಯಲ್ಲಿ ಕೊಡಬಹುದಾಗಿತ್ತು.

“ಈ ಸಲ ಕೂಸಿನ ಮಾರಿ ಸೂಲಗಿತ್ತಿ ಬಿಟ್ರ ನಾನ ಮೊದಲ ನೋಡಬೇಕು,” ಎನ್ನುತ್ತಿದ್ದ. “ನಿನಗಿಂತಾ ಮೊದಲ.”

ಹೆರಿಗೆ ತಿಕೋಟಾದಲ್ಲಿ, ಮಾಸುಮಬಿಯ ತವರಿನಲ್ಲಿ. ಆ ಹೊತ್ತಿಗೆ ಲಾಡಲೇಸಾಬ ಅಲ್ಲಿರಬೇಕೆಂದರೆ ಶಿವಯೋಗೆಪ್ಪ ರಜೆ ಕೊಡಬೇಕು. ಬಬಲೇಶ್ವರದ ರೈತರು ತಮ್ಮ ಎತ್ತಿನ ಗಾಡಿಗಳನ್ನು ರಬ್ಬರ್ ಟೈರು ಹಾಕಿಸಲು ಅಂಗಡಿಯಲ್ಲಿ ಬಿಟ್ಟುಹೋಗಿದ್ದರು. ಅವುಗಳ ಕಬ್ಬಿಣದ ಚೌಕಟ್ಟು ಬೆಸೆದು ಕೊಟ್ಟು ಎಷ್ಟು ದಿನ ಬೇಕಾದರೂ ಹೋಗು ಎಂದು ಶಿವಯೋಗೆಪ್ಪ ಹೇಳಿದ್ದ. ನ್ಯಾಯವಾದ ಮಾತೇ. ಲಾಡಲೇಸಾಬ ಹುರುಪಿನಿಂದ ಕೂತ. ಕೂತ ಮರುದಿನವೇ ಮುಖಪರದೆ ಕೈಜಾರಿ ಕಲ್ಲಿನ ಮೇಲೆ ಬಿದ್ದು ಕರಿ ಗಾಜು ಚೂರಾಯಿತು.

ವಿಜಾಪುರದ ಅಂಗಡಿಗಳಲ್ಲೆಲ್ಲ ಹುಡುಕಿದರು, ಹನ್ನೊಂದನೇ ನಂಬರು ಸಿಗಲಿಲ್ಲ. ಸೊಲ್ಲಾಪುರಕ್ಕೆ ಹೋಗುವವರ ಹತ್ತಿರ ಹೇಳಿ ಕಳಿಸಿದ್ದಾಯಿತು. ಅಲ್ಲಿಯತನಕ ಕರೆಂಟಿನ ಕೆಲಸ ಬಂದ್ ಎಂದ ಶಿವಯೋಗೆಪ್ಪ. ಬೇರೆ ಯಾರಾದರೂ ಆಗಿದ್ದರೆ ಕಾಲು ಚಾಚಿ ಮಲಗುತ್ತಿದ್ದರು. ಲಾಡಲೇಸಾಬ ಮನೆಗೆ ಬಂದು ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಕೂತ.

ಮಾಸುಮಬಿ ಆಗ ಬರಲಿರುವ ಕೂಸಿಗೆ ಕಾಡಿಗೆ ಮಾಡುತ್ತಿದ್ದಳು. ಹರಳೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ಹಿತ್ತಾಳೆ ತಾಟು ಬೋರಲು ಇಟ್ಟು ಮಸಿ ಹಿಡಿಸುತ್ತಿದ್ದಳು. ತಾಟಿಗೆ ದಪ್ಪಗೆ ಹಿಡಿದ ಮಸಿ ನೋಡುತ್ತ ನೋಡುತ್ತ ಅವಳಿಗೆ ಒಂದು ನೆನಪು ಬಂತು. ಸಣ್ಣವಳಿದ್ದಾಗ ಗ್ರಹಣದ ದಿನ ಅಪ್ಪ ಗಾಜಿನ ಚೂರಿಗೆ ಮಸಿ ಹಿಡಿಸಿ ಸೂರ್ಯನನ್ನು ತೋರಿಸಿದ್ದ.

“ಸೂರ್ಯಾನ್ನ ನೋಡಾಕ ಬರತದ ಅಂದ ಮ್ಯಾಲ ನಿಮ್ಮ ಕರೆಂಟು ಅವಗಿಂತಾ ದೊಡ್ಡದೇನ್ರಿ?” ಎಂದಳು.

ಗಂಡ ತಿರುಗಿ ನೋಡಿದ. ಮುಖದ ಮೇಲೆ ಕಳೆ ಬಂತು. ಕಿಟಕಿಯ ಗಾಜಿನ ಚೂರನ್ನು ಅಳತೆಗೆ ಕೊಯ್ದು ತಂದ. ಚಿಮಣಿ ಎಣ್ಣೆಯ ಮಸಿ ಸಾಕು ಎಂದ. ಮಾಸುಮಬಿ ಒಪ್ಪಲಿಲ್ಲ. ಹರಳೆಣ್ಣೆಯ ಮಸಿ ಎಂದರೆ ಕಾಡಿಗೆ, ಕಾಡಿಗೆ ಎಂದರೆ ಕಣ್ಣಿಗೆ ತಂಪು, ಇದು ಆಡುವ ಕೂಸಿಗೂ ಗೊತ್ತಿದ್ದ ಮಾತು. ಕೂಸಿನ ಕಣ್ಣು ಕಾಯುವ ಮಸಿ ಕೂಸಿನ ಅಪ್ಪನ ಕಣ್ಣು ಕಾಯದೇ? ಮೂರು ಪದರ ಹಿಡಿಸಿದಳು. ಒರೆಸಿಹೋಗಬಾರದೆಂದು ಮೇಲೊಂದು ಗಾಜಿಟ್ಟು ಅಂಚಿಗೆ ಬಟ್ಟೆ ಅಂಟಿಸಿದಳು. ಲಾಡಲೇಸಾಬ ಅದನ್ನು ಹಿಡಿದು ದೀಪ ನೋಡಿದ, ಕಾಣಲಿಲ್ಲ. ಅಂಗಳಕ್ಕೆ ಹೋಗಿ ಸೂರ್ಯನನ್ನು ನೋಡಿದ, ಕೆಂಪು ಬೊಟ್ಟಿನಷ್ಟು ಕಂಡ. ಹೆಂಡತಿ ಇದ್ದರೆ ಹೀಗಿರಬೇಕು ಎಂದು ಬೀಗಿದ.

ಮರುದಿನ ಅಂಗಡಿಯಲ್ಲಿ ಶಿವಯೋಗೆಪ್ಪ ಗಾಜನ್ನು ತಿರುಗಿಸಿ ಮುರುಗಿಸಿ ನೋಡಿ, ಇದರ ನಂಬರ್ ಎಷ್ಟೋ ಎಂದು ಕೇಳಿದನಂತೆ. ಇದು ನಮ್ಮ ಮನಿ ನಂಬರ್ ರೀ ಎಂದು ಇವನು ನಕ್ಕನಂತೆ. ಮಾಲಕನೂ ನಕ್ಕು ಸುಮ್ಮನಾದ. ಆ ನಗುವಿಗೆ ಬೆಂಕಿ ಬೀಳಲಿ! ಇಬ್ಬರಲ್ಲಿ ಒಬ್ಬನಾದರೂ ಅವತ್ತು ಸಿಟ್ಟಿಗೆದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅವತ್ತು ಸಂಜೆ ಮಾಸುಮಬಿ ಆಲೂಗಡ್ಡೆ ಕೊಯ್ದಿಟ್ಟು ಕಾದಳು. ಉರಿ ಬರಲಿಲ್ಲ. ಒಂದು ಹನಿ ನೀರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಅಸಲಿ ಗಾಜಿಗಿಂತ ಇದೇ ಛಲೋ ಎಂದು ಲಾಡಲೇಸಾಬ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಮಾಸುಮಬಿ ತವರಿಗೆ ಹೊರಟಾಗ ಅವಳ ಮನಸ್ಸು ಹಗುರಾಗಿತ್ತು. ರೈತರ ಗಾಡಿಗಳ ಕೆಲಸ ಮುಗಿಯುವುದರೊಳಗೆ ಕಣ್ಣ ಮುಂದೆ ಏನೋ ಮಸುಕು ಮಸುಕು ಎಂದು ಅವನಿಗೆ ಅನ್ನಿಸತೊಡಗಿತ್ತಂತೆ. ರೆಪ್ಪೆಗೆ ಮಸಿ ಹತ್ತಿರಬೇಕೆಂದು ಅವನು ಸಬಕಾರ ಹಚ್ಚಿ ಮುಖ ತೊಳೆದುಕೊಂಡ.

ಹೇಳಿದಂತೆ ಬಂದ. ಹೆರಿಗೆಯ ಹೊತ್ತಿಗೆ ತಿಕೋಟಾದ ಕಟ್ಟೆಯ ಮೇಲೆ ಕೂತಿದ್ದ. ಹೆಣ್ಣು ಕೂಸು, ಜೀವಂತ, ಊರು ಕೇಳುವಂತೆ ಅಳುವ ಕೂಸು. ಸೂಲಗಿತ್ತಿ ತೊಳೆದು ಒರೆಸಿ, ಮಾತು ಕೊಟ್ಟಿದ್ದಂತೆ, ತಾಯಿಗಿಂತ ಮೊದಲು ತಂದೆಯ ಕೈಗೆ ಕೊಟ್ಟಳು. ಮಲಗಿದ್ದ ಹೊರಸಿನ ಮೇಲಿಂದ ಮಾಸುಮಬಿಗೆ ತೆರೆದ ಬಾಗಿಲಲ್ಲಿ ಎಲ್ಲ ಕಾಣುತ್ತಿತ್ತು. ಯಾರ ಹಾಗೆ ಇದ್ದಾಳೆಂದು ಅವಳ ತಾಯಿ ರಾಜಬಿ ಅಳಿಯನನ್ನು ಕೇಳಿದಳು. ಲಾಡಲೇಸಾಬ ನೋಡಿದ. ಭುಜಕ್ಕೆ ಕಣ್ಣು ಒರೆಸಿಕೊಂಡು ಮತ್ತೆ ನೋಡಿದ. ಕೂಸನ್ನು ಬಿಸಿಲಿಗೆ ತಿರುಗಿಸಿದ. ಹಿಗ್ಗಿಗೆ ಅಳುತ್ತಿದ್ದಾನೆಂದು ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

“ಕಿವಿ ಭಾಳ ಚಂದ ಅದಾವ,” ಎಂದ ಕೊನೆಗೆ.

ಹೆತ್ತವರಿಗೆ ಹೆಗ್ಗಣ ಮುದ್ದು, ಇವನಿಗೆ ಹೆಗ್ಗಣದ ಕಿವಿ ಮುದ್ದು ಎಂದು ಎಲ್ಲರೂ ಚೇಷ್ಟೆ ಮಾಡಿದರು. ಮಾಸುಮಬಿ ಮಾತ್ರ ಮೊಣಕೈ ಊರಿ ಎದ್ದು ನೋಡಿದಳು. ಕೂಸನ್ನು ಎತ್ತಿಕೊಂಡವನು ಗೋಡೆ ನೋಡುತ್ತಿದ್ದ.

ಹೆಂಗಸರು ಹೋದ ಮೇಲೆ ಹೊರಸಿನ ಪಕ್ಕ ಬಂದು ಕೂತ.

“ಮಾಸೂ, ನಾ ಎಲ್ಲಿ ನೋಡತೀನೋ ಅಲ್ಲಿ ಏನೂ ಇಲ್ಲ. ಎಲ್ಲಿ ನೋಡಂಗಿಲ್ಲೋ ಅಲ್ಲೆಲ್ಲಾ ಅದ. ಕೂಸಿನ ಕೈ ಅದ, ಕಾಲ ಅದ. ಮಾರಿ ಇಲ್ಲ.”

ಬಾಣಂತನ ಮುಗಿಯಲೆಂದು ಮಾಸುಮಬಿ ಕಾಯಲಿಲ್ಲ. ಕೂಸನ್ನು ಕಟ್ಟಿಕೊಂಡು ಗಂಡನ ಜೊತೆ ಮಿರಜಿನ ದೊಡ್ಡ ದವಾಖಾನೆಗೆ ಹೋದಳು. ಕಣ್ಣಿನ ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿ, ಎರಡೂ ಕಣ್ಣಿನ ಒಳಪರದೆ ನಡುವಿನಲ್ಲಿ ಸುಟ್ಟಿದೆ, ಮತ್ತೆ ಚಿಗುರುವ ಜಾಗ ಅದಲ್ಲ ಎಂದರು. ಉರಿಯೇ ಆಗಲಿಲ್ಲವಲ್ಲ ಎಂದಳು ಮಾಸುಮಬಿ. ಒಳಗೆ ನೋವು ತಿಳಿಯುವ ನರವೇ ಇಲ್ಲ, ಅಲ್ಲಿ ಸುಟ್ಟರೂ ಗೊತ್ತಾಗುವುದಿಲ್ಲ ಎಂದು ಅವರು ತಿಳಿಸಿ ಹೇಳಿದರು. ಆಮೇಲೆ ಯಾವ ಗಾಜು ಹಿಡಿದು ಕೆಲಸ ಮಾಡಿದೆ ಎಂದು ಕೇಳಿದರು.

ಮಾಸುಮಬಿ ಬಾಯಿ ತೆರೆದಳು. ಲಾಡಲೇಸಾಬ ಅವಳ ಕೈಯನ್ನು ಗಟ್ಟಿಯಾಗಿ ಅದುಮಿ ಹಿಡಿದ.

“ಪ್ಯಾಟ್ಯಾಗ ತಗೊಂಡಿದ್ದೆರಿ. ಮಸಿ ಹಚ್ಚಿದ ಗಾಜು.”

ಡಾಕ್ಟರಿಗೆ ಸಿಟ್ಟು ಬಂತು. ಬರೀ ಗಾಜು ಅಳಿಸುವ ಕಿರಣವನ್ನು ತಡೆಯಿತು, ಮಸಿ ಬೆಳಕನ್ನು ಮಂಕು ಮಾಡಿತು, ಸುಡುವ ಕಿರಣ ಮಾತ್ರ ಎರಡನ್ನೂ ದಾಟಿ ಒಳಗೆ ಹೋಯಿತು ಎಂದರು. ನಂಬರಿನ ಗಾಜು ಎಲ್ಲವನ್ನೂ ತಡೆಯುತ್ತದೆ, ಅದಕ್ಕೇ ಅದಕ್ಕೆ ನಂಬರು. ಈ ಗಾಜು ಕೊಟ್ಟವರೇ ನಿನ್ನ ಕಣ್ಣು ತೆಗೆದವರು, ಅವರನ್ನು ಸುಮ್ಮನೆ ಬಿಡಬೇಡ ಎಂದರು. ಮಾಸುಮಬಿ ಮೊಲೆಯುಣ್ಣುವ ಕೂಸನ್ನು ತಬ್ಬಿಕೊಂಡು ಅಲ್ಲಿಯೇ ನೆಲಕ್ಕೆ ಕುಸಿದಳು. ಪಾಪ, ಬಾಣಂತಿ, ನಿತ್ರಾಣ ಎಂದು ಡಾಕ್ಟರು ನೀರು ತರಿಸಿಕೊಟ್ಟರು.

ಊರಿಗೆ ಮರಳುವ ದಾರಿಯುದ್ದಕ್ಕೂ ಅವಳು ಅತ್ತಳು. ಹೊಡೀರಿ, ಬೈರಿ, ತಲಾಕ್ ಕೊಡ್ರಿ ಎಂದು ಬೇಡಿಕೊಂಡಳು. ಅವನು ಏನೂ ಮಾಡಲಿಲ್ಲ. ಅದೇ ಅವಳಿಗೆ ಸಹಿಸಲಾಗದ್ದು.

“ನಂಬರ್ ಓದಾಕ ನನಗ ಬರತಿತ್ತು, ನಿನಗಲ್ಲ. ಇದೊಂದ ಮಾತು, ಮತ್ತ ಎತ್ತಬ್ಯಾಡ,” ಎಂದ.

ಅವಳು ಮತ್ತೆ ಎತ್ತಲಿಲ್ಲ. ಎತ್ತದ ಮಾತು ಹೊಟ್ಟೆಯಲ್ಲಿ ಕೊಳೆಯುತ್ತದೆಂದು ಅವನಿಗೇನು ಗೊತ್ತು.

ಕರೆಂಟಿನ ಕೆಲಸ ಮುಗಿಯಿತು, ವಿಜಾಪುರವೂ ಮುಗಿಯಿತು. ಬಬಲೇಶ್ವರದಲ್ಲಿ ಮನೆ ಹಿಡಿದರು. ಹಗ್ಗ ಹೊಸೆಯಲು ಕಣ್ಣು ಬೇಕಿಲ್ಲ, ಕೈ ಸಾಕು. ಲಾಡಲೇಸಾಬ ಹೊಸೆದ, ಮಾಸುಮಬಿ ಸಂತೆಯಲ್ಲಿ ಮಾರಿದಳು. ಪಕ್ಕಕ್ಕೆ ಮುಖ ತಿರುಗಿಸಿ ನಿಂತರೆ ಎದುರಿನವರು ಕಣ್ಣಂಚಿನಲ್ಲಿ ಮಸುಕಾಗಿ ಕಾಣುತ್ತಾರೆಂದು ಅವನು ಕಂಡುಕೊಂಡ. ಹಾಗೆ ನಿಂತೇ ಮಾತಾಡಿಸುತ್ತಿದ್ದ. ಇವನಿಗೆ ಎಷ್ಟು ಸೊಕ್ಕು ನೋಡು ಎಂದಿತು ಊರು. ಊರಿಗೇನು, ಆಡಲಿ.

ಮಗಳು ಮುನೀರಾ ಓಡಾಡುವಷ್ಟಾದಳು, ಮಾತು ಕಲಿತಳು. ಕಲಿತ ಮಾತಿನಲ್ಲಿ ತಾಯಿಯ ಹತ್ತಿರ ಮೊದಲ ಫಿರ್ಯಾದು ತಂದಳು.

“ಅಬ್ಬಾ ನನ್ನ ನೋಡಂಗಿಲ್ಲ. ಗ್ವಾಡಿ ನೋಡತಾನ.”

ನಿನ್ನನ್ನೇ ನೋಡುತ್ತಾನೆ ಬೇ ಎಂದು ಮಾಸುಮಬಿ ಎಷ್ಟು ಹೇಳಿದರೂ ಆ ಕೂಸು ನಂಬಲಿಲ್ಲ, ಅದಕ್ಕೂ ಕಣ್ಣಿದ್ದವಲ್ಲ. ತನ್ನ ಬುದ್ಧಿಗೆ ತಿಳಿದ ಉಪಾಯ ಮಾಡಿತು. ಅಬ್ಬಾ ಎಲ್ಲಿ ನೋಡುತ್ತಾನೋ ಅಲ್ಲಿಗೇ ಓಡಿಹೋಗಿ ನಿಲ್ಲತೊಡಗಿತು. ಅವನು ಮಗಳನ್ನು ಕಣ್ಣಂಚಿನಲ್ಲಿ ಕಾಣಲೆಂದು ಗೋಡೆಯತ್ತ ಮುಖ ಮಾಡಿದರೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲುವಳು. ಅಪ್ಪನ ಕಣ್ಣೆದುರು ನಿಲ್ಲಬೇಡ ಎಂದು ಯಾವ ತಾಯಿ ಮಗಳಿಗೆ ಹೇಳಿಯಾಳು? ಮಾಸುಮಬಿ ಹೊಸ್ತಿಲಲ್ಲಿ ಕೂತು ಸೆರಗು ಕಚ್ಚಿಕೊಂಡು ನೋಡುವಳು.

ಒಂದು ಸಂಜೆ ಹಾಗೆಯೇ ಅವನ ಮುಖದ ನೇರಕ್ಕೆ ಬಂದು ನಿಂತು, ಏದುಸಿರು ಬಿಡುತ್ತ ಮುನೀರಾ ಕೇಳಿದಳು:

“ಅಬ್ಬಾ, ಈಗ ಕಂಡ್ನೇನು?”

“ಕಂಡಿ ನನ್ನವ್ವಾ, ಕಂಡಿ,” ಎಂದ ಲಾಡಲೇಸಾಬ. ಎಂದು, ಮಗಳನ್ನು ಒಂದಿಷ್ಟಾದರೂ ನೋಡಬೇಕೆಂದು ಮೆಲ್ಲಗೆ ಬೇವಿನ ಗಿಡದ ಕಡೆಗೆ ಮುಖ ತಿರುಗಿಸಿದ. ಮುನೀರಾ ಕಿಲಕಿಲ ನಗುತ್ತ ಬೇವಿನ ಗಿಡದ ಕಡೆಗೆ ಓಡಿದಳು.